ಸಿಲಬಸ್ಸನ್ನು ಓದುವುದು ಹೇಗೆ?

ಸಂಪಾದಕ ಮಿತ್ರರು "ಏನಾದರೂ ಬರೆದುಕೊಡು ಮಾರಾಯಾ" ಎಂದು ಎರಡು ವಾರದಿಂದ ಬೆನ್ನು ಬಿದ್ದಿದ್ದಾರೆ. ನನಗೆ ಕವಿತೆ ಬರದು, ಕಥೆಯೂ ಬರದು. ಕಾಮರ್ಸ್ ಹುಡುಗನಿಗೆ ಗೊತ್ತಿರುವುದು ಲೆಕ್ಕ ಒಂದೇ. ಆದ್ದರಿಂದ ನಾನು ಕಳೆದುಕೊಂಡದ್ದರ ಲೆಕ್ಕವನ್ನೇ ಇಲ್ಲಿ ಒಪ್ಪಿಸುತ್ತೇನೆ.

ಗದಗ ಜಿಲ್ಲೆಯಲ್ಲಿ ಪಿ.ಯು.ಸಿ.ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, 2023ರಲ್ಲಿ ಮಣಿನಗರಕ್ಕೆ ಅಪ್ಪನ ಬಳಿ ಬಂದು ಬಿ.ಕಾಂ. ಸೇರಿದೆ. ಅಪ್ಪನಿಗೆ ವಟ್ವಾದ ಕಾರ್ಖಾನೆಯಲ್ಲಿ ಕೆಲಸ. ತರಗತಿಯಲ್ಲಿ ಪಾಠ ಇಂಗ್ಲಿಷು, ವಿವರಣೆ ಗುಜರಾತಿ, ನನ್ನ ತಲೆಯೊಳಗೆ ಕನ್ನಡ. ಈ ಗೊಂದಲದಲ್ಲಿ ನಮ್ಮ ಓಣಿಯ ಹಿರಿಯ ವಿದ್ಯಾರ್ಥಿಯೊಬ್ಬರು ತಮ್ಮ ಹಳೆಯ ಫೈಲು ಕೊಟ್ಟು, "ತಮ್ಮಾ, ಇಷ್ಟು ಓದಿದ್ರ ಸಾಕು" ಎಂದರು. ಅದರಲ್ಲಿದ್ದ ಸಿಲಬಸ್ಸಿನ ಪ್ರಕಾರ ಅಕೌಂಟ್ಸನ್ನು ಅರೆದು ಕುಡಿದೆ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ನೋಡಿದರೆ ಅರ್ಧದಷ್ಟು ನನಗೆ ಹೆಸರೂ ಕೇಳದ ಪಾಠಗಳು! ಫಲಿತಾಂಶ: ಎ.ಟಿ.ಕೆ.ಟಿ. ಅಂದರೆ ಮುಂದಿನ ಟರ್ಮಿಗೆ ಬಿಡುತ್ತಾರೆ, ಆದರೆ ಆ ಪೇಪರನ್ನು ಮತ್ತೆ ಕಟ್ಟಬೇಕು.

ಆ ರಾತ್ರಿ ಅಪ್ಪ ಓವರ್‌ಟೈಮ್ ಮುಗಿಸಿ ಬಂದು ಕೇಳಿದರು: "ಅಭ್ಯಾಸ ಮಾಡಲಿಲ್ಲೇನೋ?"

"ಮಾಡೀನ್ರಿ ಅಪ್ಪಾ, ಆದರ ಬ್ಯಾರೇದ್ದು ಮಾಡೀನಿ."

ಅಪ್ಪ ನಗಲಿಲ್ಲ. ಊಟಕ್ಕೂ ಕೂಡಲಿಲ್ಲ.

ತಪ್ಪು ಫೈಲು ಕೊಟ್ಟವರದಲ್ಲ. ಹಾಳೆಯ ತಲೆಯ ಮೇಲಿದ್ದ ಇಸವಿಯನ್ನು ನಾನು ನೋಡಲಿಲ್ಲ. ಗುಜರಾತಿನ ವಿಶ್ವವಿದ್ಯಾನಿಲಯಗಳಿಗೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಚೌಕಟ್ಟು ಬಂದದ್ದು 2023-24ರಿಂದ, ಅಂದರೆ ನಾನು ಸೇರಿದ ವರ್ಷವೇ. ಊರಿನ ಅಣ್ಣ-ತಮ್ಮಂದಿರ ಸಿಲಬಸ್ಸನ್ನು ತರಿಸಿ ಓದುತ್ತೇನೆ ಎನ್ನುವವರೂ ಎಚ್ಚರ ಇರಬೇಕು. ಕರ್ನಾಟಕ ಈ ನೀತಿಯನ್ನು 2021ರಲ್ಲೇ ಎಲ್ಲ ರಾಜ್ಯಗಳಿಗಿಂತ ಮೊದಲು ತಂದು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹೀಗಾಗಿ ಮೊದಲನೆಯ ಪಾಠ ಇದು: ಯಾವ ವಿಶ್ವವಿದ್ಯಾನಿಲಯ, ಯಾವ ವರ್ಷದಿಂದ ಜಾರಿ, ಎಷ್ಟನೇ ಸೆಮಿಸ್ಟರು, ಪೇಪರಿನ ಕೋಡ್ ಏನು, ಈ ನಾಲ್ಕನ್ನು ನೋಡದೆ ಒಂದು ಪುಟವನ್ನೂ ಓದಬೇಡಿ.

ಎರಡನೆಯದು ಕ್ರೆಡಿಟ್. ಇದನ್ನು ಬರೀ ಅಂಕಿ ಎಂದು ಬಿಟ್ಟುಬಿಡುತ್ತೇವೆ. ಉಪನ್ಯಾಸದ 1 ಕ್ರೆಡಿಟ್ ಎಂದರೆ ಸೆಮಿಸ್ಟರಿನಲ್ಲಿ 15 ಗಂಟೆಯ ಪಾಠ. 4 ಕ್ರೆಡಿಟ್ಟಿನ ಪೇಪರಿಗೆ 60 ಗಂಟೆ. ಅದರಲ್ಲಿ ನಾಲ್ಕು ಸಮಾನ ಯೂನಿಟ್ ಇದ್ದರೆ ಒಂದಕ್ಕೆ 15 ಗಂಟೆ. ಮೊದಲ ಯೂನಿಟ್ಟಿನಲ್ಲೇ ಎರಡು ತಿಂಗಳು ಕಳೆದರೆ ಉಳಿದ ಮೂರರ ಗತಿ ಏನಾಗುತ್ತದೆಂದು ನೀವೇ ಲೆಕ್ಕ ಹಾಕಿ. ಮೂರು ವರ್ಷದ ಪದವಿಗೆ ಯು.ಜಿ.ಸಿ. ಚೌಕಟ್ಟಿನಲ್ಲಿ ಕನಿಷ್ಠ 120 ಕ್ರೆಡಿಟ್ ಬೇಕು.

ಮೂರನೆಯದಾಗಿ, ಯೂನಿಟ್ಟಿನೊಳಗಿನ ಮಾತುಗಳನ್ನು ತೂಗಿ ನೋಡಿ. "ಅರ್ಥ, ಲಕ್ಷಣ, ಮಹತ್ವ" ಎಂದಿದ್ದರೆ ಬರೆಯುವ ಪ್ರಶ್ನೆ. "ಲೆಕ್ಕಗಳು" ಎಂದಿದ್ದರೆ ಕೈಯಿಂದ ಬಿಡಿಸಿ ರೂಢಿ ಮಾಡಬೇಕು, ಕಣ್ಣಿನಿಂದ ಓದಿದರೆ ಸಾಲದು. "ಬಿಟ್ಟು" ಎಂಬ ಮಾತನ್ನಂತೂ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಕಂಪನಿಗಳ ವಿಲೀನದ ಪಾಠದಲ್ಲಿ "ಪರಸ್ಪರ ಷೇರು ಹಿಡುವಳಿ ಬಿಟ್ಟು" ಎಂದಿದ್ದರೆ, ಆ ಜಾತಿಯ ಕಠಿಣ ಲೆಕ್ಕಗಳಿಗೆ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ.

ನಾಲ್ಕನೆಯದು ಪುಸ್ತಕ. ಪಟ್ಟಿಯಲ್ಲಿ ಹತ್ತು ಹೆಸರಿದ್ದರೆ ಹತ್ತನ್ನೂ ಕೊಳ್ಳಬೇಕೆಂದಲ್ಲ. ಲೈಬ್ರರಿಯಲ್ಲಿ ಕೂತು, ಪರಿವಿಡಿಯನ್ನು ಸಿಲಬಸ್ಸಿನ ಪಕ್ಕ ಇಟ್ಟು, ಹೆಚ್ಚು ಹೊಂದುವ ಒಂದನ್ನು ಆರಿಸಿ. ಗಾಂಧಿ ರೋಡಿನ ಫರ್ನಾಂಡಿಸ್ ಪುಲ್ ಕೆಳಗೆ ಹಳೆಯ ಪುಸ್ತಕ ಅಗ್ಗಕ್ಕೆ ಸಿಗುತ್ತದೆ. ನಾವೆಲ್ಲ ಅಲ್ಲಿಗೇ ಹೋಗುವವರು. ಆದರೆ ಮುದ್ರಣದ ಇಸವಿ ನೋಡಿ. 2017ರ ಜುಲೈ 1ಕ್ಕೆ ಜಿ.ಎಸ್.ಟಿ. ಬಂದಿತು, ಅದಕ್ಕೂ ಹಿಂದಿನ ತೆರಿಗೆ ಪುಸ್ತಕದಲ್ಲಿ ಅದು ಎಲ್ಲಿಂದ ಬರಬೇಕು? ಆದಾಯ ತೆರಿಗೆಯಲ್ಲೂ 1961ರ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಬಂದಿದೆ. ಅದರ ಜಾರಿ 2026ರ ಏಪ್ರಿಲ್ 1ರಿಂದ. ಹಳೆಯ ಪ್ರಶ್ನೆಪತ್ರಿಕೆಗೂ ಇದೇ ಮಾತು: ಅದು ನಿಮ್ಮ ಸಿಲಬಸ್ಸಿನದೋ ಹಿಂದಿನದೋ ನೋಡಿಕೊಂಡೇ ಬಿಡಿಸಿ.

ಐದನೆಯದು ನಮ್ಮಂಥವರಿಗೇ ಮೀಸಲಾದ ಮಾತು. ಸಿಲಬಸ್ಸಿನ ಪ್ರತಿ ಪದಕ್ಕೂ ಎದುರಿಗೆ ಕನ್ನಡ, ಗುಜರಾತಿ ಎರಡನ್ನೂ ಬರೆಯಿರಿ. ಡಿಪ್ರಿಸಿಯೇಷನ್ನಿಗೆ ನಾವು ಸವಕಳಿ ಎನ್ನುತ್ತೇವೆ, ಇಲ್ಲಿಯವರು ಘಸಾರೋ ಎನ್ನುತ್ತಾರೆ. ಎರಡರ ಅರ್ಥವೂ ಸವೆಯುವುದೇ. ಗುಡ್‌ವಿಲ್ಲಿಗೆ ಇಲ್ಲಿಯ ಪುಸ್ತಕದಲ್ಲಿ ಪಾಘಡಿ, ಅಂದರೆ ನಮ್ಮ ರುಮಾಲು! ಅಂಗಡಿಯ ಮರ್ಯಾದೆಯೇ ಅದರ ತಲೆಯ ಮೇಲಿನ ರುಮಾಲು ಎಂದುಕೊಂಡರೆ ಜನ್ಮದಲ್ಲಿ ಮರೆಯುವುದಿಲ್ಲ. ಆದರೆ ಮೋಸ ಹೋಗುವ ಜಾಗವೂ ಉಂಟು. ಮೇಷ್ಟ್ರು "ಉಧಾರ್ ಬಾಜು" ಎಂದಾಗ ನಾನು ನಮ್ಮೂರ ಅಂಗಡಿಯ "ಉದ್ರಿ" ನೆನೆದು ಕ್ರೆಡಿಟ್ ಕಡೆ ಬರೆದೆ. ಗುಜರಾತಿ ಲೆಕ್ಕದಲ್ಲಿ ಉಧಾರ್ ಎಂದರೆ ಡೆಬಿಟ್, ಜಮಾ ಎಂದರೆ ಕ್ರೆಡಿಟ್. ಯೋಚಿಸಿದರೆ ಸರಿಯೇ ಇದೆ: ಉದ್ರಿ ಒಯ್ದವನು ನಮಗೆ ಸಾಲಗಾರ, ಸಾಲಗಾರನ ಖಾತೆಗೆ ಡೆಬಿಟ್.

ಭಾಷೆಯ ಈ ಒದ್ದಾಟ ಹೊಸದಲ್ಲ. ಗುಜರಾತಿಯೊಂದೇ ಮಾಧ್ಯಮವಾಗಬೇಕೆಂಬ ಗುಜರಾತ್ ವಿಶ್ವವಿದ್ಯಾನಿಲಯದ ನಿಯಮದ ಮೇಲಿನ ವ್ಯಾಜ್ಯ ಸುಪ್ರೀಂ ಕೋರ್ಟಿಗೇ ಹೋಗಿ, 1962ರಲ್ಲಿ ಆ ನಿಯಮ ನಿಲ್ಲಲಿಲ್ಲ. ಮುಂದೆ 1966ರಲ್ಲಿ ಅದೇ ವಿಶ್ವವಿದ್ಯಾನಿಲಯದ ಕುಲಪತಿಯಾದವರು ಕವಿ ಉಮಾಶಂಕರ ಜೋಶಿ. 1967ರ ಜ್ಞಾನಪೀಠವನ್ನು ಅವರೊಡನೆ ಹಂಚಿಕೊಂಡವರು ನಮ್ಮ ಕುವೆಂಪು. ಅವರೂ 1956ರಿಂದ 1960ರವರೆಗೆ ಮೈಸೂರಿನ ಕುಲಪತಿ, ಕಾಲೇಜಿನಲ್ಲಿ ಕನ್ನಡ ಮಾಧ್ಯಮಕ್ಕಾಗಿ ದುಡಿದವರು. ಸಿಲಬಸ್ಸು ಆಕಾಶದಿಂದ ಉದುರಿದ್ದಲ್ಲ. ಅಭ್ಯಾಸ ಮಂಡಳಿಯಲ್ಲಿ ಮನುಷ್ಯರು ಕೂತು ಮಾಡಿದ್ದು. ಆದ್ದರಿಂದ ಅದರ ಹೊರಗಿನ ಪ್ರಶ್ನೆ ಬಂದರೆ ಹಾಲಿನಿಂದ ಹೊರಬಂದು ಗೊಣಗುವುದಲ್ಲ, ಯೂನಿಟ್ಟಿನ ಹೆಸರು ಹೇಳಿ ಅರ್ಜಿ ಕೊಡಬೇಕು. ಅರ್ಜಿ ಕೊಡಬೇಕಾದರೆ ಮೊದಲು ಒಳಗೇನಿದೆ ಗೊತ್ತಿರಬೇಕು!

ಆ ಪೇಪರನ್ನು ಮುಂದಿನ ಸಲ ಕಟ್ಟಿ ಪಾಸಾದೆ. ದೊಡ್ಡ ಅಂಕವೇನಲ್ಲ. ಆದರೆ ಅಪ್ಪ ಆ ದಿನ ಕಾಂಕರಿಯಾ ಕೆರೆಯ ತನಕ ನನ್ನ ಜೊತೆ ನಡೆದು ಬಂದರು, ಐಸ್‌ಕ್ರೀಮ್ ಕೊಡಿಸಿದರು. ಈಗ ನನ್ನ ಟೇಬಲ್ಲಿನ ಮುಂದೆ ಗೋಡೆಗೆ ಸಿಲಬಸ್ಸಿನ ಹಾಳೆ ಅಂಟಿಸಿದ್ದೇನೆ. ಮುಗಿದ ಪಾಠದ ಮುಂದೆ ಒಂದು ಗೆರೆ.

ಜೂನ್‌ನಲ್ಲಿ ಊರಿನಿಂದ ಹೊಸ ಹುಡುಗ-ಹುಡುಗಿಯರು ಬರುತ್ತಾರೆ. ನಿಮ್ಮ ಹಳೆಯ ಫೈಲುಗಳನ್ನು ಪ್ರೀತಿಯಿಂದಲೇ ಕೊಡಿ. ಆದರೆ ಮೇಲೆ ದೊಡ್ಡ ಅಕ್ಷರದಲ್ಲಿ ಇಸವಿ ಬರೆದು ಕೊಡಿ.