ಗೊಂಬೆ ಅಂಗಡಿಯಲ್ಲಿ ಬೋಂಜೂರ್!

ಚನ್ನಪಟ್ಟಣದ ನಿಮ್ಮ ಗೊಂಬೆ ಅಂಗಡಿಗೆ
ಫ್ರಾನ್ಸಿನವರೊಬ್ಬರು ಬಂದ್ರು ಅಂದ್ಕೊಳ್ಳಿ.
ಮೊದಲು ಏನಂತೀರಾ?

"ಹಲೋ" ನಡೆಯುತ್ತೆ.
ಆದ್ರೆ "ಬೋಂಜೂರ್" ಅಂದು ನೋಡಿ, ಮುಖ ಅರಳುತ್ತೆ!

ಫ್ರಾನ್ಸಿನಲ್ಲಿ ಅಂಗಡಿಗೆ ಕಾಲಿಟ್ಟ ಕೂಡಲೇ
ಈ ಮಾತು ಹೇಳಲೇಬೇಕು.
ನಾವು ಚಪ್ಪಲಿ ಬಾಗಿಲಲ್ಲೇ ಬಿಟ್ಟು
ಮನೆಯೊಳಗೆ ಹೋಗ್ತೀವಲ್ಲ, ಹಾಗೆ.
ಹೇಳದೇ ಬೆಲೆ ಕೇಳಿದ್ರೆ ಅಲ್ಲಿ ಅದು ಒರಟುತನ.
ಸಂಜೆಯಾದ್ರೆ? "ಬೋಂಸ್ವಾರ್".

ಜಪಾನಿನವರು ಬಂದ್ರೆ
ಹಗಲಿಗೆ "ಕೊನ್ನಿಚಿವಾ",
ಸಂಜೆಗೆ "ಕೊಂಬಾನ್ವಾ".
ಜಪಾನಿನವರು ನಮಗೆ ಹೊಸಬರೇನಲ್ಲ.
ಪಕ್ಕದ ಬಿಡದಿಯಲ್ಲಿ 1999ರಿಂದಲೇ
ಟೊಯೋಟಾ ಕಾರು ತಯಾರಾಗ್ತಿದೆ!

ಈಗ ಅರಗಿನ ಬಣ್ಣದ ಬುಗುರಿ ಕೈಗೆತ್ತಿಕೊಂಡು
ಅವರು ಬೆಲೆ ಕೇಳ್ತಾರೆ.
ಇಂಗ್ಲಿಷಿನಲ್ಲಿ "ಹೌ ಮಚ್?"
ಫ್ರೆಂಚಿನಲ್ಲಿ "ಸೆ ಕೊಂಬ್ಯಾಂ?"
ಹೇಳುವಾಗ ಕೊನೆಗೆ ತುಟಿ ಮುಚ್ಚಬೇಡಿ,
ಸ್ವರ ಮೂಗಿನಲ್ಲೇ ಉಳೀಲಿ.
ಜಪಾನಿಯಲ್ಲಿ "ಇಕುರಾ ದೆಸ್ ಕಾ?"
ಈ ಮೂರು ಕಿವಿಗೆ ಬಿದ್ರೆ ಸಾಕು,
ಬೆಲೆ ಹೇಳೋಕೆ ಗೈಡ್ ಬೇಕಾಗಲ್ಲ.

ವ್ಯಾಪಾರ ಮುಗಿದ ಮೇಲೆ
"ಥ್ಯಾಂಕ್ ಯು".
"ಮೆರ್ಸಿ".
"ಅರಿಗಾತೋ ಗೊಝೈಮಾಸ್".

ರಾಮನಗರ, ಕನಕಪುರ, ಮಾಗಡಿ ಗೆಳೆಯರೇ,
ಇವತ್ತೇ ಜೋರಾಗಿ ಹೇಳಿ ರೂಢಿ ಮಾಡ್ಕೊಳ್ಳಿ.
ಬಿಡದಿ ಕಾರ್ಖಾನೆಯಲ್ಲಿ ಕೆಲಸ ಮಾಡೋರು
ನಿಮಗೆ ಗೊತ್ತಿರೋ ಒಂದು ಜಪಾನಿ ಮಾತನ್ನ
ಕಮೆಂಟಿನಲ್ಲಿ ಬರೀರಿ.