ಎಲ್ಲರೂ ಒಟ್ಟಿಗೆ ಬಳಸಿದಾಗ ರೌಟರ್ ಯಾಕೆ ಕೈಕೊಡುತ್ತದೆ?

ಮಕ್ಕಳೇ, ರಾಯದುರ್ಗ, ಮಡಕಶಿರಾ ಕಡೆಯ ಎಷ್ಟೋ ಮನೆಗಳಿಗೆ ಈಗ ಕರೆಂಟು ಕಂಬದ ಮೇಲಿಂದ ಫೈಬರ್ ಕೇಬಲ್ ಬಂದಿದೆ. ಹೀಗೆ ಕಂಬಗಳ ಮೇಲೆ ಕೇಬಲ್ ಎಳೆಯುವ ಆಂಧ್ರದ ಫೈಬರ್‌ನೆಟ್ ಯೋಜನೆ 2017ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು.

ಒಬ್ಬರೇ ಪಾಠದ ವಿಡಿಯೊ ನೋಡುವಾಗ ನೆಟ್ ಚೆನ್ನಾಗಿರುತ್ತೆ. ರಾತ್ರಿ ಅಣ್ಣ ಸಿನಿಮಾ ಹಾಕಿ, ಅಕ್ಕ ಫೈಲು ಇಳಿಸಿಕೊಂಡು, ಅಪ್ಪ ವಿಡಿಯೊ ಕಾಲ್ ಮಾಡಿದರೆ ಕಟ್ಟಾಗುತ್ತೆ. "ರೌಟರ್ ಹಾಳಾಯ್ತು, ಹೊಸದು ತರೋಣ" ಅಂತಾರೆ ಮನೆಯವರು. ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡೋಣ. ಕಟ್ಟಾದ ಕ್ಷಣದಲ್ಲಿ ರೌಟರಿನ ದೀಪಗಳನ್ನು ನೋಡಿ.

ಎಲ್ಲ ದೀಪ ಆರಿ ಮತ್ತೆ ಹತ್ತಿದರೆ: ಮೊದಲ ಅನುಮಾನ ಅಡಾಪ್ಟರ್ ಮೇಲೆ. ಅದರ ಮೇಲೆ 12 ವೋಲ್ಟ್, 1 ಆಂಪಿಯರ್ ಎಂದಿದ್ದರೆ ಅದು ಕೊಡಬಲ್ಲದ್ದು 12 × 1 = 12 ವಾಟ್. ಕೆಲಸ ಹೆಚ್ಚಾದಂತೆ ರೌಟರ್ ಹೆಚ್ಚು ವಿದ್ಯುತ್ ಎಳೆಯುತ್ತದೆ. ಹಳೆಯ ಅಡಾಪ್ಟರಿಗೆ ಅಷ್ಟು ಕೊಡಲಾಗದೆ ವೋಲ್ಟೇಜ್ ಕುಸಿದರೆ ರೌಟರ್ ಆರಿ ಮತ್ತೆ ಶುರುವಾಗುತ್ತದೆ. ಬದಲಿಸುವಾಗ ವೋಲ್ಟ್ ಅಷ್ಟೇ ಇರಬೇಕು, ಪಿನ್ನಿನ ಪ್ಲಸ್-ಮೈನಸ್ ಗುರುತೂ ಅದೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬಹುದು. ಅಡಾಪ್ಟರನ್ನು ಬಿಚ್ಚಬೇಡಿ, ಒಳಗೆ 230 ವೋಲ್ಟ್ ಇರುತ್ತದೆ.

ಮಧ್ಯಾಹ್ನವೇ ಹೆಚ್ಚು ತೊಂದರೆಯಾದರೆ: ಕಾರಣ ಬಿಸಿ ಇರಬಹುದು. ಮನೆಬಳಕೆಯ ಹಲವು ರೌಟರುಗಳನ್ನು ಸುತ್ತಲಿನ ಗಾಳಿ 40 ಡಿಗ್ರಿ ಸೆಲ್ಸಿಯಸ್ ಮೀರದ ಕಡೆಗೆಂದು ಮಾಡಿರುತ್ತಾರೆ. ನಮ್ಮ ಸೀಮೆಯ ಮೇ ತಿಂಗಳಲ್ಲಿ ಬಿಸಿಲೇ 40 ದಾಟುತ್ತದೆ. ತಗಡಿನ ಮಾಡಿನ ಕೆಳಗೆ, ಟಿವಿ ಹಿಂದೆ ಇಟ್ಟ ರೌಟರಿನ ಗತಿ ಏನು? ಗಾಳಿಯಾಡುವ ಕಡೆ ಇಟ್ಟು ನೋಡಿ.

ಎಲ್‌ಒಎಸ್ ದೀಪ ಕೆಂಪಾದರೆ: ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಇದು ಲೈನಿನವರ ಕೆಲಸ. ಫೈಬರಿನ ತುದಿಯನ್ನು ಕಣ್ಣಿಟ್ಟು ನೋಡಲೇಬೇಡಿ. ಆ ಬೆಳಕು ಕಣ್ಣಿಗೆ ಕಾಣದ ಅವಕೆಂಪು ಕಿರಣ.

ದೀಪಗಳೆಲ್ಲ ಸರಿ ಇದ್ದೂ ಪುಟ ತೆರೆಯದಿದ್ದರೆ: ಮೊದಲು ಲ್ಯಾನ್ ವೈರಿನಿಂದ ಕಂಪ್ಯೂಟರ್ ಜೋಡಿಸಿ. ಅದರಲ್ಲಿ ನೆಟ್ ಚೆನ್ನಾಗಿದ್ದರೆ ತೊಂದರೆ ವೈಫೈಯಲ್ಲಿದೆ. ಗೋಡೆಗಳು, ಪಕ್ಕದ ಮನೆಯ ವೈಫೈ ಅಡ್ಡ ಬರುತ್ತಿರಬಹುದು. ವೈರಿನಲ್ಲೂ ಹಾಗೇ ಆದರೆ ಇನ್ನೆರಡು ಕಾರಣ ನೋಡಬೇಕು.

ಒಂದು, ರೌಟರಿನ ಲೆಕ್ಕದ ಪುಸ್ತಕ. ಹಳೆಯ ವಿಳಾಸ ಪದ್ಧತಿಯಲ್ಲಿ ಇಡೀ ಜಗತ್ತಿಗೆ ಇರುವುದು ಸುಮಾರು 429 ಕೋಟಿ ವಿಳಾಸ. ಅದಕ್ಕೇ ಮನೆಯ ಫೋನುಗಳೆಲ್ಲ ಒಂದೇ ವಿಳಾಸವನ್ನು ಹಂಚಿಕೊಳ್ಳುತ್ತವೆ. ಯಾವ ಉತ್ತರ ಯಾವ ಫೋನಿಗೆ ಎಂದು, ಹಾಸ್ಟೆಲ್ ವಾರ್ಡನ್ ಕಾಗದಗಳನ್ನು ಬರೆದಿಟ್ಟುಕೊಂಡ ಹಾಗೆ, ರೌಟರ್ ಬರೆದಿಟ್ಟುಕೊಳ್ಳುತ್ತದೆ. ಕೆಲವು ಡೌನ್‌ಲೋಡ್ ಆ್ಯಪ್‌ಗಳು ಒಂದೇ ಸಲ ನೂರಾರು ಸಂಪರ್ಕ ತೆರೆಯುತ್ತವೆ. ಪುಟ ತುಂಬಿದರೆ ಹೊಸಬರಿಗೆ ಜಾಗವಿಲ್ಲ. ಆ ಆ್ಯಪ್ ನಿಲ್ಲಿಸಿ ಸ್ವಲ್ಪ ಹೊತ್ತು ಕಾದರೆ ಸರಿಹೋಗುತ್ತದಾ ನೋಡಿ.

ಇನ್ನೊಂದು, ಉದ್ದದ ಸಾಲು. ದೊಡ್ಡ ವಿಡಿಯೊ ಕಳಿಸುವಾಗ ಅದರ ತುಣುಕುಗಳು ರೌಟರಿನಲ್ಲಿ ಸಾಲುಗಟ್ಟುತ್ತವೆ. ರೇಶನ್ ಅಂಗಡಿಯಲ್ಲಿ ಮುಂದಿನವನು ಹತ್ತು ಚೀಲ ತುಂಬಿಸುತ್ತಿದ್ದರೆ ಹಿಂದಿನವರು ಕಾಯಬೇಕಲ್ವಾ? ಹಾಗೇ ನಿಮ್ಮ ಸಣ್ಣ ಕೋರಿಕೆಯೂ ಹಿಂದೆ ನಿಲ್ಲುತ್ತದೆ. ನೆಟ್ ಕಟ್ಟಾಗಿಲ್ಲ, ತಡವಾಗಿದೆ ಅಷ್ಟೇ. ಅಮೆರಿಕದ ಜಿಮ್ ಗೆಟಿಸ್ 2010ರಲ್ಲಿ ತಮ್ಮ ಮನೆಯ ನೆಟ್ಟಿನಲ್ಲೇ ಇದನ್ನು ಗಮನಿಸಿದರು; ಇದಕ್ಕೆ 'ಬಫರ್‌ಬ್ಲೋಟ್' ಎಂಬ ಹೆಸರು ಬಂತು. ದೊಡ್ಡ ಫೈಲುಗಳನ್ನು ಎಲ್ಲರೂ ಮಲಗಿದ ಮೇಲೆ ಕಳಿಸಿದರೆ ಆಯಿತು. ರೌಟರಿನಲ್ಲಿ ಕ್ಯೂಒಎಸ್ ಎಂಬ ಆಯ್ಕೆ ಇದ್ದರೆ, ಯಾವುದಕ್ಕೆ ಮೊದಲ ಸರದಿ ಎಂದು ದೊಡ್ಡವರಿಂದ ಹೊಂದಿಸಿಸಿ.

ಒಂದು ನಿಯಮ ಮಾತ್ರ ಮರೀಬೇಡಿ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಜಾಗ, ಅಡಾಪ್ಟರ್, ಆ್ಯಪ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ನೆಟ್ ಸರಿಹೋಗಬಹುದು, ಆದರೆ ಯಾವುದರಿಂದ ಅಂತ ಗೊತ್ತಾಗಲ್ಲ. ಮೂರು ದಿನ ಸಮಯ, ದೀಪದ ಬಣ್ಣ, ಆಗ ಬಳಸುತ್ತಿದ್ದವರ ಸಂಖ್ಯೆ ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ರಿಪೇರಿಯವರು ಬಂದಾಗ ಆ ಹಾಳೆ ತೋರಿಸಿ. ಅವರ ಅರ್ಧ ಕೆಲಸ ನೀವೇ ಮುಗಿಸಿರುತ್ತೀರಿ.