ಗವಾಸ್ಕರ್ ಕೈ ಬದಲಿಸಿದ್ದು ಇವರ ಚೆಂಡಿಗೆ

ಬಲಗೈ ಆಟಗಾರ ಇದ್ದಕ್ಕಿದ್ದಂತೆ ಎಡಗೈಯಲ್ಲಿ ಬ್ಯಾಟ್ ಹಿಡಿದು ನಿಂತರೆ ಹುಣಸೂರು, ಕೋಟೆ ಕಡೆಯ ಟೆನ್ನಿಸ್ ಚೆಂಡಿನ ಆಟದಲ್ಲೂ ಹುಡುಗರು ನಕ್ಕಾರು. ಆದರೆ ಆ ಕೆಲಸವನ್ನು ಸಾಕ್ಷಾತ್ ಸುನೀಲ್ ಗವಾಸ್ಕರ್ ಮಾಡಿದ್ದರು. ಅದೂ ರಣಜಿ ಟ್ರೋಫಿ ಸೆಮಿಫೈನಲ್‌ನಲ್ಲಿ, ಬೆಂಗಳೂರಿನಲ್ಲಿ! ಅವರನ್ನು ಹಾಗೆ ಕಾಡಿದವರು 1958ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ಎಡಗೈ ಸ್ಪಿನ್ನರ್ ರಘುರಾಮ ಭಟ್.

ಅದು 1981–82ರ ಋತು. ಮೊದಲ ಇನಿಂಗ್ಸ್‌ನಲ್ಲಿ ಭಟ್ 123 ರನ್ನಿಗೆ 8 ವಿಕೆಟ್ ಕಿತ್ತರು. ಗುಲಾಂ ಪಾರ್ಕರ್, ಅಶೋಕ್ ಮಂಕಡ್, ಸುರು ನಾಯಕ್ ಸತತ ಮೂರು ಎಸೆತಗಳಲ್ಲಿ ಔಟಾದರು. ಬಾಂಬೆ 271ಕ್ಕೆ ಮುಗಿಯಿತು. ಕರ್ನಾಟಕ 470 ಗಳಿಸಿತು. ಎರಡನೇ ಸರದಿ ಬರುವ ಹೊತ್ತಿಗೆ ಪಿಚ್ ಸವೆದು, ಚೆಂಡು ವಿಪರೀತ ತಿರುಗತೊಡಗಿತ್ತು.

ಇಲ್ಲಿ ಸ್ವಲ್ಪ ವಿಜ್ಞಾನವಿದೆ. ಗಿರಗಿರನೆ ಸುತ್ತುತ್ತ ಬಂದ ಚೆಂಡು ನೆಲ ಮುಟ್ಟಿದಾಗ ಘರ್ಷಣೆಯಿಂದ ಪಕ್ಕಕ್ಕೆ ಹೊರಳುತ್ತದೆ. ನೆಲ ಒರಟಾದಷ್ಟೂ ಹಿಡಿತ ಹೆಚ್ಚು. ಎಡಗೈ ಸ್ಪಿನ್ನರನ ಚೆಂಡು ಬಲಗೈ ಆಟಗಾರನ ಮೈಯಿಂದ ಆಚೆಗೆ ಸರಿಯುತ್ತದೆ. ಬ್ಯಾಟಿನ ಅಂಚಿಗೆ ತಗುಲಿದರೆ ಸ್ಲಿಪ್‌ನಲ್ಲಿ ಕ್ಯಾಚು. ಅದೇ ಚೆಂಡು ಎಡಗೈ ಆಟಗಾರನಿಗಾದರೆ ಮೈಯತ್ತಲೇ ಬರುತ್ತದೆ. ಬ್ಯಾಟಿಗೆ ಸಿಗದಿದ್ದರೂ ಪ್ಯಾಡಿಗೋ ತೊಡೆಗೋ ಬಡಿದು ಬೀಳುತ್ತದೆ. ತಿರುವೂ ಪುಟಿತವೂ ಅತಿಯಾದಾಗ ಚೆಂಡು ಸ್ಟಂಪ್ ತಪ್ಪುವುದರಿಂದ ಎಲ್‌ಬಿಡಬ್ಲ್ಯು ಭಯವೂ ಕಡಿಮೆ. ಗವಾಸ್ಕರ್ ಲೆಕ್ಕ ಹಾಕಿದ್ದು ಇದನ್ನೇ. ಭಟ್ ಬೌಲಿಂಗಿಗೆ ಎಡಗೈ, ಉಳಿದವರಿಗೆ ಎಂದಿನ ಬಲಗೈ! ಅವರು 18 ರನ್ ಮಾಡಿ ಔಟಾಗದೆ ಉಳಿದರು. ಬಾಂಬೆ 9 ವಿಕೆಟ್‌ಗೆ 200 ರನ್ ಗಳಿಸಿ ಪೂರ್ಣ ಸೋಲನ್ನು ಹೇಗೋ ತಪ್ಪಿಸಿಕೊಂಡಿತು. ಮೊದಲ ಇನಿಂಗ್ಸ್ ಮುನ್ನಡೆಯಿಂದ ಕರ್ನಾಟಕ ಫೈನಲ್ ಸೇರಿತು.

ಇಂಥ ಬೌಲರನಿಗೆ ಭಾರತ ತಂಡದ ಬಾಗಿಲು ತೆರೆದದ್ದು 1983ರ ಅಕ್ಟೋಬರಿನಲ್ಲಿ. ನಾಗಪುರದಲ್ಲಿ ಪಾಕಿಸ್ತಾನದ ಜಾವೇದ್ ಮಿಯಾಂದಾದ್, ಮುದಸ್ಸರ್ ನಜರ್ ಅವರ ವಿಕೆಟ್ ಪಡೆದರು. ಅದೇ ತಿಂಗಳು ಕಾನ್ಪುರದಲ್ಲಿ ವೆಸ್ಟ್ ಇಂಡೀಸ್‌ನ ಕ್ಲೈವ್ ಲಾಯ್ಡ್ ಮತ್ತು ಗಸ್ ಲೋಗಿ ಇವರಿಗೆ ಬಲಿಯಾದರು. ನಾಲ್ಕೇ ವಿಕೆಟ್, ನಿಜ. ಆದರೆ ಮಿಯಾಂದಾದ್, ಲಾಯ್ಡ್ ಎಂದರೆ ಸಾಮಾನ್ಯರೇ? ಕಾನ್ಪುರದಲ್ಲಿ ಮಾರ್ಷಲ್ ವೇಗದೆದುರು ಇಡೀ ತಂಡವೇ ಕುಸಿದು, ಭಾರತ ಇನಿಂಗ್ಸ್ ಮತ್ತು 83 ರನ್‌ಗಳಿಂದ ಸೋತಿತು. ಭಟ್‌ಗೆ ಮತ್ತೆ ಟೆಸ್ಟ್ ಆಡುವ ಕರೆ ಬರಲೇ ಇಲ್ಲ.

ರವಿ ಶಾಸ್ತ್ರಿ, ಮಣಿಂದರ್ ಸಿಂಗ್ ಇಬ್ಬರೂ ಎಡಗೈ ಸ್ಪಿನ್ನರುಗಳೇ. ಶಾಸ್ತ್ರಿ ಬ್ಯಾಟಿಂಗಿಗೂ ಒದಗುತ್ತಿದ್ದರು. ಹೀಗಾಗಿ ಜಾಗ ಇಕ್ಕಟ್ಟಾಗಿತ್ತೆಂಬುದನ್ನು ಒಪ್ಪೋಣ. ಆದರೂ ಎರಡೇ ಸಲ ತೆಗೆದ ಅಳತೆಯನ್ನು ಪ್ರಯೋಗಶಾಲೆಯಲ್ಲಿ ಕೊನೆಯ ಮಾತೆಂದು ಯಾರೂ ಬರೆದುಕೊಳ್ಳುವುದಿಲ್ಲ. ಮೊದಲನೆಯ ಕಿರುಪರೀಕ್ಷೆಯ ಅಂಕ ನೋಡಿಯೇ ಮಗನ ಹಣೆಬರಹ ಹೇಳುವ ತಂದೆತಾಯಿಗಳಿಗೆ ಇದು ಪರಿಚಿತ ಸಂಗತಿಯೇ.

ಭಟ್ ಮಾತ್ರ ಚೆಂಡು ಕೆಳಗಿಡಲಿಲ್ಲ. ಪ್ರಥಮ ದರ್ಜೆಯ 82 ಪಂದ್ಯಗಳಲ್ಲಿ ಒಟ್ಟು 374 ವಿಕೆಟ್ ಪಡೆದರು. ಒಂದೊಂದಕ್ಕೂ ಕೊಟ್ಟದ್ದು ಸರಾಸರಿ 23ಕ್ಕಿಂತ ಕಡಿಮೆ ರನ್. 2022ರಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದರು. ಎರಡು ಟೆಸ್ಟ್‌ಗಳಿಗೇ ಅವರನ್ನು ಬಿಟ್ಟುಕೊಟ್ಟ ಭಾರತೀಯ ಕ್ರಿಕೆಟ್ ಮಂಡಳಿ, 2025ರ ಸೆಪ್ಟೆಂಬರಿನಲ್ಲಿ ಅವರನ್ನೇ ತನ್ನ ಖಜಾಂಚಿಯಾಗಿ ಆರಿಸಿಕೊಂಡಿತು.